ಬೊಂಬೆಗಳ ಬಿಡಾರ

ಮಹಾನವಮಿ ಸಮೀಪಿಸಿತೆಂದರೆ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ರಾಜ ರಾಣಿಯರು, ದಶಾವತಾರದ ದೇವರುಗಳು, ಶೆಟ್ಟರು, ಸಿಪಾಯಿಗಳು, ಹಾವಾಡಿಗರು ಒಬ್ಬೊಬ್ಬರಾಗಿ ಹೊರಬರುತ್ತಾರೆ. ಮನೆಯ ಹಿರಿಯಾಕೆ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡುವ ಆ ಗಳಿಗೆಯಲ್ಲಿ ಸಂಭ್ರಮಕ್ಕಿಂತ ಆತಂಕವೇ ಹೆಚ್ಚು. ಯಾರ ಮೂಗು ಹಾರಿದೆ, ಯಾರ ಬಣ್ಣ ಉದುರಿದೆ, ಯಾವ ರಾಣಿಯ ಬೆನ್ನಿನಲ್ಲಿ ಹುಳು ಮನೆ ಮಾಡಿದೆ? ಬೊಂಬೆಹಬ್ಬದ ಸೊಗಸನ್ನು ಕುರಿತು ಬರೆದವರು ಬಹುಮಂದಿ ಇದ್ದಾರೆ. ಉಳಿದ ಮುನ್ನೂರೈವತ್ತು ದಿನ ಆ ಬೊಂಬೆಗಳ ಗತಿಯೇನು, ವರ್ಷವರ್ಷಕ್ಕೂ ಬೆಳೆಯುವ ಆ ಸಂಸಾರವನ್ನು ಬೆಳೆಯದ ಮನೆಯೊಳಗೆ ಕೇಡಿಲ್ಲದಂತೆ ಇರಿಸಿಕೊಳ್ಳುವುದು ಹೇಗೆ ಎಂಬ ವಿಚಾರ ಮಾತ್ರ ಅಡುಗೆಮನೆಯ ಮಾತಾಗಿಯೇ ಉಳಿದಿದೆ.

ಬೆಳವಣಿಗೆಯೆಂಬುದು ಈ ಸಂಗ್ರಹದ ಹುಟ್ಟುಗುಣ. ವರ್ಷಕ್ಕೆ ಒಂದಾದರೂ ಹೊಸ ಬೊಂಬೆ ಸೇರಬೇಕೆಂಬುದು ವಾಡಿಕೆ. ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಪಟ್ಟದ ಬೊಂಬೆಗಳ ಜೋಡಿಯೊಂದನ್ನು ತರುತ್ತಾಳೆ. ಅತ್ತೆಯ ಜೋಡಿ ಮೊದಲೇ ಮನೆಯಲ್ಲಿ ಪಟ್ಟಾಭಿಷಿಕ್ತವಾಗಿರುತ್ತದೆ. ಇನ್ನು, ಒಂದು ಬೊಂಬೆ ಕೊಳ್ಳಲೆಂದು ಹೊರಟವರು ಒಂದನ್ನೇ ತಂದುದುಂಟೆ? ದಶಾವತಾರವೆಂದರೆ ಹತ್ತು, ಅಷ್ಟಲಕ್ಷ್ಮಿಯೆಂದರೆ ಎಂಟು. ಮದುವೆಯ ದಿಬ್ಬಣವನ್ನು ಕೊಂಡಮೇಲೆ ಓಲಗದವರನ್ನು ಅಂಗಡಿಯಲ್ಲಿ ಬಿಟ್ಟುಬರಲಾಗದು. ವರ್ಷಕ್ಕೆ ಹತ್ತರಂತೆ ಮೂವತ್ತು ವರ್ಷಕ್ಕೆ ಮುನ್ನೂರಾಯಿತು. ಈ ಮೂವತ್ತು ವರ್ಷಗಳಲ್ಲಿ ಮನೆ ಮಾತ್ರ ಕುಗ್ಗಿದೆ. ತೊಟ್ಟಿಮನೆಯ ಪಡಸಾಲೆ ಹೋಗಿ ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳ ಫ್ಲ್ಯಾಟು ಬಂದಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಬೊಂಬೆಗಳು ಕೇಳಿದಂತಿಲ್ಲ.

ಇದಕ್ಕೆ ಈಚಿನವರು ಕಂಡುಕೊಂಡಿರುವ ಪರಿಹಾರ ಗಾಜಿನ ಬೀರು. ಅಂಗಳಕ್ಕೆ ಎದುರಾದ ಗೋಡೆಗೆ ಬೀರುವನ್ನು ಒರಗಿಸಿ, ಒಳಗೆ ಕನ್ನಡಿ ಜೋಡಿಸಿ, ಮೇಲೊಂದು ವಿದ್ಯುದ್ದೀಪವನ್ನಿಟ್ಟು, ಬೊಂಬೆಗಳನ್ನು ವರ್ಷಪೂರ್ತಿ ಕಾಣುವಂತೆ ನಿಲ್ಲಿಸಿಬಿಡುವುದು. ಧೂಳಿಲ್ಲ, ಬೆಕ್ಕಿನ ಭಯವಿಲ್ಲ, ಬಂದವರು ನೋಡಿ ಮೆಚ್ಚುತ್ತಾರೆ. ಆದರೆ ಬಣ್ಣಕ್ಕೂ ಬಟ್ಟೆಗೂ ಬೆಳಕಿನಂಥ ಮೆಲುದನಿಯ ಶತ್ರು ಮತ್ತೊಂದಿಲ್ಲ. ಬೆಳಕಿನಿಂದಾದ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ; ಕತ್ತಲಲ್ಲಿಟ್ಟರೆ ನಿಲ್ಲುತ್ತದೆಯೇ ಹೊರತು ಹೋದ ಬಣ್ಣ ಮರಳುವುದಿಲ್ಲ. ಹಳೆಯ ರೇಷ್ಮೆ ಮತ್ತು ಬಣ್ಣದ ಬಟ್ಟೆಗಳ ಮೇಲೆ 50 ಲಕ್ಸಿಗಿಂತ ಹೆಚ್ಚಿನ ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳವರು ಇಟ್ಟುಕೊಂಡಿರುವ ಅಳತೆ. ಬಿಸಿಲು ಬೀಳುವ ಕಿಟಕಿಯ ಬಳಿ ಈ ಅಳತೆ ಸಾವಿರಗಳನ್ನು ಸುಲಭವಾಗಿ ದಾಟುತ್ತದೆ. ಅಲ್ಲಿ ಐದು ವರ್ಷ ನಿಂತ ರಾಣಿಯ ಕೆಂಪು ಸೀರೆ ಮುಂಭಾಗದಲ್ಲಿ ಮಾಸಲಾಗಿ ಬೆನ್ನಿನಲ್ಲಿ ಕೆಂಪಾಗಿಯೇ ಉಳಿದಿರುತ್ತದೆ. ತಿರುಗಿಸಿ ನೋಡಿದವರಿಗಷ್ಟೆ ಅದು ತಿಳಿಯುವುದು.

ನಮ್ಮ ಹಿರಿಯರು ಹತ್ತು ದಿನ ಕೂರಿಸಿ ಉಳಿದ ಕಾಲ ಮಲಗಿಸಿಡುತ್ತಿದ್ದರು. ಅದು ಹಬ್ಬದ ಕಟ್ಟಳೆಯಷ್ಟೇ ಎಂದು ಭಾವಿಸುವುದು ಸರಿಯಲ್ಲ. ವರ್ಷದಲ್ಲಿ ಹತ್ತು ದಿನ ಬೆಳಕು ಕಂಡ ಬೊಂಬೆಗೆ ಮುನ್ನೂರರವತ್ತೈದು ದಿನ ಬೆಳಕು ಕಂಡ ಬೊಂಬೆಯ ಆಯಾಸದಲ್ಲಿ ಮೂವತ್ತಾರರ ಒಂದು ಪಾಲು ಮಾತ್ರ. ಮುತ್ತಜ್ಜಿಯ ಕಾಲದ ಬಣ್ಣ ಇಂದಿಗೂ ಉಳಿದು ಬಂದಿದ್ದರೆ ಅದರಲ್ಲಿ ಈ ನಿದ್ರೆಯ ಪಾಲು ಸಣ್ಣದಲ್ಲ. ಬೀರು ಬೇಡವೆಂದು ನಾನು ಹೇಳುತ್ತಿಲ್ಲ. ಕಿಟಕಿಗೆ ಎದುರಲ್ಲದ ಗೋಡೆಗೆ ಅದನ್ನು ಸರಿಸಿ, ಒಳಗಿನ ದೀಪವನ್ನು ಅತಿಥಿಗಳು ಬಂದಾಗ ಮಾತ್ರ ಹೊತ್ತಿಸಿ, ಮೂರು ತಿಂಗಳಿಗೊಮ್ಮೆ ಒಳಗಿನವರನ್ನು ಪೆಟ್ಟಿಗೆಗೂ ಪೆಟ್ಟಿಗೆಯವರನ್ನು ಒಳಕ್ಕೂ ಬದಲಿಸಿದರೆ ಜಾಗದ ಇಕ್ಕಟ್ಟೂ ತೀರುತ್ತದೆ, ನೋಡುವ ಕಣ್ಣಿಗೆ ಹೊಸತೂ ಆಗುತ್ತದೆ. ಮುನ್ನೂರು ಬೊಂಬೆಗಳನ್ನೂ ಒಂದೇ ಸಲ ತೋರಿಸಬೇಕೆಂಬ ಹಟವೇ ಅರ್ಧ ಅಪಘಾತಗಳಿಗೆ ಮೂಲ. ಒತ್ತಾಗಿ ನಿಲ್ಲಿಸಿದ ಸಾಲಿನ ಹಿಂಬದಿಯಿಂದ ಒಂದನ್ನು ತೆಗೆಯಹೋದರೆ ಮುಂದಿನ ಮೂರು ಉರುಳುತ್ತವೆ.

ಇನ್ನು ಬೊಂಬೆಗಳ ಜಾತಿ. ಎಲ್ಲವನ್ನೂ ಒಂದೇ ಒದ್ದೆ ಬಟ್ಟೆಯಿಂದ ಒರೆಸಿ ಒಂದೇ ಪೆಟ್ಟಿಗೆಯಲ್ಲಿ ತುರುಕುವವರು ಮೊದಲು ಇದನ್ನು ತಿಳಿಯಬೇಕು. ಪಟ್ಟದ ಬೊಂಬೆಗಳು ಸಾಂಪ್ರದಾಯಿಕವಾಗಿ ರಕ್ತಚಂದನದವು. ನೀರಿನಲ್ಲಿ ಮುಳುಗುವಷ್ಟು ಭಾರವಾದ ಮರ. ಗೆದ್ದಲು ಅದರ ತಂಟೆಗೆ ಸುಲಭವಾಗಿ ಬಾರದು. ಇಂದು ಆ ಮರವನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಬಿಗಿಯಾದ ಕಾನೂನುಗಳಿರುವುದರಿಂದ ಮನೆಯಲ್ಲಿರುವ ಹಳೆಯ ಜೋಡಿಯ ಬೆಲೆ ಹಣದಲ್ಲಿಯೂ ಸಣ್ಣದಲ್ಲ. ಇವುಗಳ ಅಪಾಯವೆಲ್ಲ ಉಡುಪಿನಲ್ಲಿ. ರೇಷ್ಮೆ, ಜರಿ, ಅಂಟಿಸಿದ ಮಣಿ, ಗಂಜಿ ಹಾಕಿದ ರುಮಾಲು, ಇವೆಲ್ಲ ಜಿರಲೆಗೆ ಹಬ್ಬದೂಟ. ವರ್ಷಕ್ಕೊಮ್ಮೆ ಹಳೆಯ ಉಡುಪು ಬಿಚ್ಚಿ, ಮೈಯನ್ನು ಒಣಬಟ್ಟೆಯಿಂದ ಒರೆಸಿ, ಹೊಸತನ್ನು ತೊಡಿಸುವ ಪದ್ಧತಿಯಿದೆಯಷ್ಟೆ. ಅಲಂಕಾರದ ನೆಪದಲ್ಲಿ ನಡೆಯುವ ತಪಾಸಣೆ ಅದು.

ಚನ್ನಪಟ್ಟಣದ ಬೊಂಬೆಗಳ ಸಂಗತಿ ಬೇರೆ. ಹಾಲೆಮರದ ತುಂಡು ಚರಕಿಯ ಮೇಲೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮೈಗೆ ಹಿಡಿಯುತ್ತದೆ. ಕಾವಿನಿಂದ ಬಂದ ಆ ಹೊಳಪು ಕಾವಿನಿಂದಲೇ ಕೆಡಬಲ್ಲದು. ದೀಪದ ಬಳಿಯಲ್ಲಿಯೂ ತಗಡಿನ ಚಾವಣಿಯ ಕೆಳಗಿನ ಬಿಸಿ ಅಟ್ಟದಲ್ಲಿಯೂ ಅವನ್ನಿಡಬಾರದು. ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಆದಕಾರಣ ಕೈಗೆ ಹಚ್ಚುವ ಸ್ಯಾನಿಟೈಸರನ್ನು ಬೊಂಬೆಯ ಮೇಲೆ ಪ್ರಯೋಗಿಸುವ ಅತಿಶುಚಿ ಬೇಡ. ಕೊಪ್ಪಳ ಜಿಲ್ಲೆಯ ಕಿನ್ನಾಳದವೂ ಆಂಧ್ರದ ಕೊಂಡಪಲ್ಲಿಯವೂ ಹಗುರವಾದ ಮರದವು. ಹಗುರ ಮರ ಹವೆಯ ತೇವವನ್ನು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇಲಿನ ಬಣ್ಣದ ಪದರ ಅದರೊಡನೆ ಉಬ್ಬಿ ಕುಗ್ಗಲಾರದೆ ಬಿರಿಯುತ್ತದೆ. ಇವಕ್ಕೆ ನೀರು ಸೋಕಿಸದೆ ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಬುಡದಲ್ಲಿ ಹಿಟ್ಟಿನಂಥ ಹುಡಿ ಕಂಡರೆ ಒಳಗೆ ಹುಳುವಿದೆಯೆಂದು ತಿಳಿದು ಅಂಥದನ್ನು ಆ ದಿನವೇ ಬೇರೆಯಿಡಬೇಕು.

ಮಣ್ಣಿನ ಬೊಂಬೆಗಳು ಅತ್ಯಂತ ಹೆಚ್ಚು ಸಂಖ್ಯೆಯವು, ಅತ್ಯಂತ ಅಲ್ಪಾಯುಷಿಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುರಿಯುವ ಜಾಗ ಬಹುಮಟ್ಟಿಗೆ ಕೈ ಮತ್ತು ಕುತ್ತಿಗೆ. ಎತ್ತುವಾಗ ನಾವು ಹಿಡಿಯುವ ಜಾಗವೂ ಅದೇ. ಎರಡು ಕೈಗಳಿಂದ ಬುಡವನ್ನು ಹಿಡಿದೆತ್ತುವ ಅಭ್ಯಾಸವೊಂದರಿಂದಲೇ ಎಷ್ಟೋ ಸರಸ್ವತಿಯರ ವೀಣೆ ಉಳಿದೀತು. ಕಾಗದದ ಮುದ್ದೆಯಿಂದ ಮಾಡಿದವು ಬಿದ್ದರೆ ಒಡೆಯವು, ಆದರೆ ಗೆದ್ದಲಿಗೂ ತೇವಕ್ಕೂ ಬೇಗ ಸೋಲುತ್ತವೆ. ಹಳೆಯ ಮನೆಗಳ ಸಂಗ್ರಹದಲ್ಲಿ ಜಪಾನಿನಿಂದ ಬಂದ ಸೆಲ್ಯುಲಾಯ್ಡಿನ ಮಕ್ಕಳ ಬೊಂಬೆಗಳೂ ಒಂದೆರಡು ಸಿಗುವುದುಂಟು. ಇವು ಕಿಡಿ ತಾಗಿದರೆ ಭಗ್ಗನೆ ಉರಿಯುವ ಪದಾರ್ಥ. ಹಣತೆಯಿರುವ ಮೆಟ್ಟಲ ಹತ್ತಿರ ಇವನ್ನು ಸುಳಿಯಗೊಡಬಾರದು.

ಬೆಂಕಿಯ ಮಾತು ಬಂದಾಗ ಮೈಸೂರಿನ ಅರಮನೆಯ ನೆನಪಾಗದಿರದು. ಅರಮನೆಯೊಳಗೆ ಹೋಗುವವರು ಮೊದಲು ಹಾಯುವ ಗೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಹಾಗೂ ಇಪ್ಪತ್ತರ ಆರಂಭದ ಬೊಂಬೆಗಳನ್ನು ಇಂದಿಗೂ ಕಾಣಬಹುದು. ಆ ತೊಟ್ಟಿಯಿರುವ ಕಟ್ಟಡವೇ, 1897ರಲ್ಲಿ ಹಳೆಯ ಮರದ ಅರಮನೆ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾದಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಅರಮನೆಗೆ ಒದಗಿದ್ದು ನಮ್ಮ ಪಡಸಾಲೆಗೆ ಒದಗಲಾರದೆ? ಮೆಟ್ಟಲಿಗೆ ಹೊದಿಸಿದ ಬಿಳಿಯ ಬಟ್ಟೆಯ ಮೇಲೆ ಹಣತೆ ಇಡುವುದು ನೋಡಲು ಚೆಂದ. ನನ್ನ ಮಟ್ಟಿಗೆ ಅದು ಅವಿವೇಕ. ದೀಪಕ್ಕೆ ನೆಲವೇ ಸ್ಥಾನ, ಅದೂ ಬಟ್ಟೆಯ ಅಂಚಿನಿಂದ ಒಂದು ಮಾರು ದೂರದಲ್ಲಿ. ಬಣ್ಣದ ವಿದ್ಯುದ್ದೀಪಗಳ ಸರವನ್ನು ವರ್ಷವರ್ಷವೂ ಅದೇ ಹಳೆಯ ತಂತಿಯಲ್ಲಿ ನಡೆಸದೆ, ಮಲಗುವ ಮುನ್ನ ಆರಿಸಬೇಕು.

ಮೆಟ್ಟಲುಗಳು ಮೂರು, ಐದು, ಏಳು, ಒಂಬತ್ತು ಎಂದು ಬೆಸವಾಗಿರಬೇಕೆಂಬುದು ಸಂಪ್ರದಾಯ. ಅವು ಅಲ್ಲಾಡಬಾರದೆಂಬುದನ್ನು ಸಂಪ್ರದಾಯ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೂ ಟ್ರಂಕಿನ ಮೇಲೆ ಹಲಗೆ, ಹಲಗೆಯ ಮೇಲೆ ಪುಸ್ತಕದ ಅಡಕಲು ಇಟ್ಟು ಗೋಪುರ ಕಟ್ಟುವವರು ಇದ್ದಾರೆ. ಬಟ್ಟೆ ಹೊದಿಸುವ ಮೊದಲೇ ಪ್ರತಿ ಮೆಟ್ಟಲನ್ನೂ ಕೈಯಿಂದ ಒತ್ತಿ ನೋಡಬೇಕು. ಹೊದಿಸಿದಮೇಲೆ ಅದರ ಅಂಚು ನೆಲಕ್ಕೆ ಜೋತುಬೀಳದಂತೆ ಒಳಕ್ಕೆ ಮಡಿಚಬೇಕು, ಏಕೆಂದರೆ ಅಂಬೆಗಾಲಿನ ಮಗು ಎದ್ದುನಿಲ್ಲಲು ಹಿಡಿಯುವುದು ಅದನ್ನೇ. ಭಾರವಾದವು ಕೆಳಗಿರಬೇಕೆಂದು ತೂಕದ ನ್ಯಾಯ. ದೇವರುಗಳು ಮೇಲಿರಬೇಕೆಂದು ಮರ್ಯಾದೆಯ ನ್ಯಾಯ. ಮೇಲಕ್ಕೆ ಸಣ್ಣ ಗಾತ್ರದ ದೇವರನ್ನೇ ಆರಿಸಿಕೊಂಡರೆ ಎರಡೂ ನಡೆಯುತ್ತವೆ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಲಲ್ಲಿ ಶೆಟ್ಟರ ಅಂಗಡಿ. ದಪ್ಪ ಹೊಟ್ಟೆಯ ಶೆಟ್ಟರೂ ಅವರ ಹೆಂಡತಿಯೂ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಇರುವೆ, ಜಿರಲೆ, ಇಲಿಗಳು ಈ ಅಂಗಡಿಯ ನಿಷ್ಠಾವಂತ ಗಿರಾಕಿಗಳು. ಬೆಲ್ಲಕ್ಕೆ ಬಂದವರು ಪಕ್ಕದ ರಾಣಿಯ ಜರಿ ಸೀರೆಯನ್ನೂ ನೋಡಿಹೋಗುತ್ತಾರೆ. ಧಾನ್ಯವನ್ನು ದಿನವೂ ಬದಲಿಸಿ, ಹಬ್ಬ ಮುಗಿದ ದಿನ ಒಂದು ಕಾಳೂ ಪೆಟ್ಟಿಗೆಗೆ ಹೋಗದಂತೆ ಶೆಟ್ಟರ ಮಡಿಲನ್ನು ಕೊಡವಬೇಕು. ಉದ್ಯಾನವೆಂದು ತಟ್ಟೆಯಲ್ಲಿ ಬೆಳೆಸುವ ರಾಗಿಯ ಪೈರಿಗೆ ನೀರು ಚಿಮುಕಿಸುವಾಗ ಹತ್ತಿರದ ಮಣ್ಣಿನ ಬೊಂಬೆಗಳ ಬುಡ ನೆನೆಯುತ್ತದೆ. ಪೈರಿನ ನಡುವೆ ಅರಗಿನವನ್ನೂ ಮಣ್ಣಿನವನ್ನೂ ನಿಲ್ಲಿಸದೆ ಪ್ಲಾಸ್ಟಿಕ್ಕಿನ ಹಸುಗಳಿಗೆ ಆ ಹುಲ್ಲುಗಾವಲನ್ನು ಬಿಟ್ಟುಕೊಡುವುದು ಲೇಸು.

ಮಕ್ಕಳನ್ನು ಏನು ಮಾಡುವುದು? ಸಂಜೆ ಬೊಂಬೆ ಬಾಗಿನಕ್ಕೆಂದು ಬರುವ ಹುಡುಗರ ದಂಡಿಗೆ ‘ಮುಟ್ಟಬೇಡಿ’ ಎಂದು ನೂರು ಸಲ ಹೇಳಿ ಫಲವಿಲ್ಲ. ಮೃಚ್ಛಕಟಿಕದ ಮಗು ರೋಹಸೇನ ತನ್ನ ಮಣ್ಣಿನ ಬಂಡಿ ಬೇಡವೆಂದು ನೆರೆಮನೆಯ ಚಿನ್ನದ ಬಂಡಿಗಾಗಿ ಅತ್ತದ್ದು ವಾಚಕರಿಗೆ ನೆನಪಿರಬಹುದು. ಮಗುವಿನ ಸ್ವಭಾವ ಶೂದ್ರಕನ ಕಾಲದಿಂದ ಬದಲಾಗಿಲ್ಲ. ಎತ್ತಲೂ ಬೀಳಿಸಲೂ ಆಗುವಂಥ ಹತ್ತಾರು ಮರದ ಬೊಂಬೆಗಳನ್ನು ಚಾಪೆಯ ಮೇಲೆ ಹರಡಿ ‘ಇವು ನಿಮ್ಮವು’ ಎಂದುಬಿಟ್ಟರೆ ಮೆಟ್ಟಲಿನ ಮೇಲಿನವು ಬದುಕುತ್ತವೆ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟಾದ್ದರಿಂದ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವರ ಕೈಗೆ ಹಳೆಯವು ಸಿಗಲೇಬಾರದು.

ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿದಮೇಲೆ ಮರುದಿನದ ಕೆಲಸ ಕಟ್ಟಿಡುವುದು. ದಣಿದ ಕೈಗಳು ಆತುರಪಡುವುದು ಇಲ್ಲಿಯೇ. ಸುತ್ತಲು ಎಲ್ಲರೂ ಎತ್ತಿಕೊಳ್ಳುವುದು ಹಳೆಯ ಪತ್ರಿಕೆಯನ್ನು. ಆ ಕಾಗದದಲ್ಲಿ ಆಮ್ಲದ ಅಂಶವಿದೆ, ಮಸಿ ಬೊಂಬೆಯ ಮುಖಕ್ಕೆ ಹತ್ತುತ್ತದೆ. ಈ ಲೇಖನ ಅಚ್ಚಾದ ಹಾಳೆಯಾದರೂ ಆ ಕೆಲಸಕ್ಕೆ ಬಾರದಿರಲೆಂದು ನನ್ನ ಸ್ವಾರ್ಥದ ಬೇಡಿಕೆ. ಒಗೆದು ಒಗೆದು ಮೆತ್ತಗಾದ ಹತ್ತಿಯ ಸೀರೆಗೆ ಸಮನಾದುದಿಲ್ಲ. ನುಸಿಗುಳಿಗೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆದುಗೊಳಿಸುತ್ತದೆ, ಅದರ ಆವಿ ಹಸುಮಕ್ಕಳಿಗೆ ಕೆಡುಕು. ತಾಳೆಗರಿಯ ಕಟ್ಟುಗಳ ನಡುವೆ ಬಜೆಯ ತುಂಡುಗಳನ್ನು ಇಡುತ್ತಿದ್ದ ಪದ್ಧತಿಯನ್ನು ಗ್ರಂಥಸಂಪಾದನೆಯ ಪಾಠ ಹೇಳುವ ನಾವು ಮನೆಯಲ್ಲೇಕೆ ಮರೆಯಬೇಕು? ಬಜೆಯ ಗಂಟು, ಚೆನ್ನಾಗಿ ಒಣಗಿದ ಬೇವಿನೆಲೆ ಸಾಕು. ಹಸಿ ಎಲೆಯಾದರೆ ತೇವವನ್ನೇ ಪೆಟ್ಟಿಗೆಯೊಳಗೆ ಬಚ್ಚಿಟ್ಟಂತೆ. ಮಳೆಗಾಲ ಮುಗಿಯುತ್ತಲೇ ಒಮ್ಮೆ, ಶಿವರಾತ್ರಿಯ ಸುಮಾರಿಗೆ ಒಮ್ಮೆ ಪೆಟ್ಟಿಗೆ ತೆರೆದು ಗಾಳಿಯಾಡಿಸಬೇಕು. ಅಟ್ಟಕ್ಕೆ ಸೇರಿಸಿ ಮರೆತ ಬೊಂಬೆ ಬೀರುವಿನಲ್ಲಿ ಮೆರೆದ ಬೊಂಬೆಗಿಂತ ಬೇಗ ಹಾಳಾಗುತ್ತದೆ.

ಇಷ್ಟೆಲ್ಲ ಕಾದರೂ ಕಳೆದುಹೋಗಬಹುದಾದ ಒಂದುಂಟು. ಬತ್ತೀಸ ಪುತ್ತಳಿಯ ಕಥೆಯಲ್ಲಿ ಭೋಜರಾಜ ವಿಕ್ರಮನ ಸಿಂಹಾಸನವನ್ನು ಏರಹೊರಟಾಗ ಅಲ್ಲಿನ ಮೂವತ್ತೆರಡು ಬೊಂಬೆಗಳೂ ಒಂದೊಂದು ಕಥೆ ಹೇಳಿ ತಡೆಯುತ್ತವೆ. ನಮ್ಮ ಮನೆಗಳ ಬೊಂಬೆಗಳು ತಾವಾಗಿ ಬಾಯಿ ಬಿಡವು. ಅವುಗಳ ಕಥೆ ಹಿರಿಯ ಹೆಂಗಸೊಬ್ಬಳ ನಾಲಗೆಯ ಮೇಲಿರುತ್ತದೆ. ಈ ನವಿಲನ್ನು ಯಾವ ಜಾತ್ರೆಯಲ್ಲಿ ಕೊಂಡದ್ದು, ಈ ಸಿಪಾಯಿಯ ಕೈಗೆ ಅಂಟು ಹಚ್ಚಿದವರು ಯಾರು, ಯಾವ ಜೋಡಿ ಯಾವ ಸೊಸೆಯ ತವರಿನದು ಎಂಬುದು ಆಕೆಯೊಡನೆಯೇ ಹೊರಟುಹೋದರೆ ಉಳಿಯುವುದು ಮುನ್ನೂರು ಸಾಮಾನು. ಆಮೇಲೆ ಮಕ್ಕಳು ಅದನ್ನು ಹೊರೆಯೆಂದು ಭಾವಿಸಿ ಹಳೆಯ ಸಾಮಾನಿನವನನ್ನು ಕರೆದರೆ ಅವರನ್ನು ದೂರುವಂತಿಲ್ಲ. ಅವರಿಗೆ ಕೊಟ್ಟದ್ದು ಅಷ್ಟೇ ತಾನೆ? ಪ್ರತಿ ಬೊಂಬೆಯ ಬುಡಕ್ಕೆ ದಾರದಲ್ಲಿ ಒಂದು ಅಂಕೆಯ ಚೀಟಿ ಕಟ್ಟಿ, ಅದೇ ಅಂಕೆಯನ್ನು ಒಂದು ನೋಟುಪುಸ್ತಕದಲ್ಲಿ ಬರೆದು, ಎದುರಿಗೆ ಬಂದ ವರ್ಷ, ಊರು, ತಂದವರ ಹೆಸರು, ಎರಡು ಸಾಲಿನ ಸಂಗತಿ ಇವಿಷ್ಟನ್ನು ಗುರುತು ಹಾಕಲು ಒಂದು ದಸರೆಯ ರಜೆ ಸಾಕು. ಕಾಲೇಜಿನ ಹುಡುಗ ಹುಡುಗಿಯರು ಅಜ್ಜಿಯ ಬಳಿ ಕುಳಿತು ಮಾಡಬಹುದಾದ ಕೆಲಸವಿದು. ಜಾನಪದ ಸಂಗ್ರಹಕ್ಕೆಂದು ಬೇರೆ ಊರಿಗೆ ಹೋಗುವ ಮುನ್ನ ಮನೆಯ ಅಟ್ಟವನ್ನೊಮ್ಮೆ ಹತ್ತಬಹುದು.

ಪುಸ್ತಕವಿದ್ದರೆ ಹಂಚಿಕೆಯೂ ಸುಲಭ. ಜಾಗವಿಲ್ಲದಷ್ಟು ಬೆಳೆದ ಸಂಗ್ರಹವನ್ನು ಇಬ್ಬರು ಹೆಣ್ಣುಮಕ್ಕಳಿಗೂ ಒಬ್ಬ ಸೊಸೆಗೂ ಪಾಲು ಮಾಡುವುದರಲ್ಲಿ ತಪ್ಪೇನೂ ಇಲ್ಲ. ಅದರಿಂದ ಒಂದು ಮನೆಯ ಬೊಂಬೆ ಮೂರು ಮನೆಗಳಲ್ಲಿ ಕೂರುತ್ತದೆ. ಪಟ್ಟದ ಜೋಡಿಯನ್ನೂ ದಶಾವತಾರದ ಹತ್ತನ್ನೂ ಅಗಲಿಸಬಾರದು. ಭಿನ್ನವಾದ ದೇವರ ಮೂರ್ತಿಯನ್ನು ನೀರಿಗೆ ಬಿಡಬೇಕೆನ್ನುವವರ ನಂಬಿಕೆಗೆ ನಾನು ಅಡ್ಡ ಬರಲಾರೆ. ಆದರೆ ಕಿವಿ ಹೋದ ಆನೆಯೂ ಬಿಂದಿಗೆ ಒಡೆದ ಗೊಲ್ಲತಿಯೂ ಪೂಜೆಗೊಂಡವರಲ್ಲ. ಅವರನ್ನು ಹೊರಗೆಸೆಯದೆ, ಒಡಕು ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ಹಿಂದಿನ ಸಾಲಿನಲ್ಲಿ ನಿಲ್ಲಿಸಬಹುದು. ಪುಸ್ತಕದಲ್ಲಿ ಅವರ ಅಂಕೆಯ ಎದುರಿಗೆ, ಒಡೆದ ವರ್ಷವನ್ನೂ ಒಡೆದವರ ಹೆಸರನ್ನೂ ಬರೆದಿಟ್ಟರೆ ಮುಂದಿನ ತಲೆಮಾರಿನವರು ಎಲ್ಲಕ್ಕಿಂತ ಮೊದಲು ಓದುವುದು ಆ ಸಾಲನ್ನೇ.