ಮುಂದಿನ ಟೀಗೆ ಬರುವ ಹೊತ್ತು

ಬೆಂಗಳೂರಿಗೆ ಗಾಲ್ಫ್ ಹಳೆಯ ಆಟ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದುದು 1876ರಲ್ಲಿ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಹೊಸೂರಿಗೆ ಅದು ಬಹಳ ತಡವಾಗಿ ಬಂದಿತು. ಇಂದು ಊರಿನ ಸಮೀಪದಲ್ಲೇ ಕ್ಲೋವರ್ ಗ್ರೀನ್ಸ್ ಎಂಬ ಮೈದಾನವಿದೆ. ಯಾವ ಮೈದಾನವಾದರೂ ಹಿರಿಯ ಆಟಗಾರರನ್ನು ಒಂದು ಪ್ರಶ್ನೆ ಎದುರುಗೊಳ್ಳುತ್ತದೆ: ಹಿಂದಿನ ಟೀಯನ್ನು ಬಿಟ್ಟು ಮುಂದಿನ ಟೀಗೆ ಬರುವುದು ಯಾವಾಗ?

ಇಲ್ಲಿ ಟೀ ಎಂದರೆ ಕುಡಿಯುವ ಚಹಾ ಅಲ್ಲ. ಪ್ರತಿ ಕುಳಿಯ ಆಟ ಆರಂಭವಾಗುವ ಸಮತಟ್ಟಾದ ನೆಲ. ಒಂದೇ ಕುಳಿಗೆ ಬೇರೆ ಬೇರೆ ದೂರಗಳಲ್ಲಿ ಇಂಥ ಹಲವು ನೆಲೆಗಳಿದ್ದು, ಅವನ್ನು ಬಣ್ಣಗಳಿಂದ ಗುರುತಿಸುತ್ತಾರೆ. ಚೆಂಡನ್ನು ಕುಳಿಗೆ ಸೇರಿಸಲು ನಿಗದಿಯಾದ ಹೊಡೆತಗಳ ಸಂಖ್ಯೆಯೇ ಪಾರ್. ಪಾರ್ ನಾಲ್ಕರ ಕುಳಿಯಲ್ಲಿ ಎರಡು ಹೊಡೆತಗಳಿಗೆ ಚೆಂಡು ಗ್ರೀನ್ ಎಂಬ ನುಣುಪಾದ ಹುಲ್ಲುಹಾಸನ್ನು ತಲಪಬೇಕು. ಉಳಿದೆರಡು ಹೊಡೆತಗಳು ಅದನ್ನು ಕುಳಿಗೆ ಉರುಳಿಸಲು.

ಲೆಕ್ಕವಿರುವುದು ಇಲ್ಲಿಯೇ. 400 ಗಜದ ಕುಳಿಯಲ್ಲಿ ಮೊದಲ ಹೊಡೆತಕ್ಕೆ 250 ಗಜ ಕ್ರಮಿಸುವ ಯುವಕನಿಗೆ ಉಳಿಯುವುದು 150 ಗಜ. ಅದೇ ಟೀಯಿಂದ 180 ಗಜ ಹೊಡೆಯುವ ಹಿರಿಯರಿಗೆ 220 ಗಜ ಉಳಿಯುತ್ತದೆ. ಅವರ ಚೀಲದಲ್ಲಿರುವ ಯಾವ ಕೋಲೂ ಆ ದೂರಕ್ಕೆ ಸಾಲದು. ಎಷ್ಟೇ ನೇರವಾಗಿ ಹೊಡೆದರೂ ಎರಡಕ್ಕೆ ಗ್ರೀನ್ ಸೇರುವುದು ಅಸಾಧ್ಯವಾಗುತ್ತದೆ. ಟೀಯನ್ನು 320 ಗಜಕ್ಕೆ ತಂದರೆ ಉಳಿಯುವುದು 140 ಗಜ. ಆಗ ಯುವಕನ ಎದುರಿಗಿದ್ದ ಸವಾಲೇ ಹಿರಿಯರ ಎದುರಿಗೂ ಬರುತ್ತದೆ; ನಿಖರತೆಗೆ ಮತ್ತೆ ಬೆಲೆ ಬರುತ್ತದೆ.

ಆದುದರಿಂದ ನಿರ್ಣಯಕ್ಕೆ ವಯಸ್ಸು ಅಳತೆಗೋಲಾಗಲಾರದು. ಸ್ನಾಯುಬಲ ಕುಗ್ಗಿ, ಸೊಂಟ ಹೆಗಲುಗಳ ತಿರುವು ತಗ್ಗಿದಂತೆ ಕೋಲಿನ ವೇಗ ಇಳಿಯುವುದು ನಿಜ. ಆದರೆ ಅದು ಎಲ್ಲರಲ್ಲೂ ಒಂದೇ ವರ್ಷಕ್ಕೆ ಇಳಿಯುವುದಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆಗಳು 2011ರಲ್ಲಿ ‘ಟೀ ಇಟ್ ಫಾರ್ವರ್ಡ್’ ಎಂಬ ಅಭಿಯಾನವನ್ನು ಆರಂಭಿಸಿದಾಗ ಹೊಡೆತದ ದೂರವನ್ನೇ ಆಧಾರವಾಗಿಟ್ಟುಕೊಂಡವು. ಅವುಗಳ ಸೂಚನೆಯಂತೆ, ಡ್ರೈವರ್ ಕೋಲಿನಿಂದ ಸರಾಸರಿ 225 ಗಜ ಹೊಡೆಯುವವರಿಗೆ 18 ಕುಳಿಗಳ ಒಟ್ಟು ದೂರ 5,800ರಿಂದ 6,000 ಗಜ ಇರಬೇಕು. 200 ಗಜದವರಿಗೆ 5,200ರಿಂದ 5,400. 175 ಗಜದವರಿಗೆ 4,400ರಿಂದ 4,600. ಇನ್ನೊಂದು ಸುಲಭ ಸೂತ್ರವೂ ಬಳಕೆಯಲ್ಲಿದೆ: ಐದನೆಯ ಐರನ್ ಕೋಲಿನ ದೂರವನ್ನು 36ರಿಂದ ಗುಣಿಸುವುದು. 150 ಗಜವಾದರೆ 5,400 ಗಜದ ಟೀ ಸೂಕ್ತ.

ಈ ಅಳತೆ ಪ್ರಾಮಾಣಿಕವಾಗಿರಬೇಕು. ಒಮ್ಮೆ ಗಾಳಿಯ ನೆರವಿನಿಂದ ಹೋದ ದೂರವನ್ನಲ್ಲ, ಹತ್ತು ಹೊಡೆತಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ತೆಳುಗಾಳಿಯಲ್ಲಿ ಚೆಂಡು ಚೆನ್ನೈಯ ಕಡಲತೀರದಲ್ಲಿ ಹೋಗುವುದಕ್ಕಿಂತ ನೂರಕ್ಕೆ ಸುಮಾರು ಮೂರರಷ್ಟು ಹೆಚ್ಚು ಹೋಗುತ್ತದೆ. ಆದಕಾರಣ ಆಡುವ ನೆಲದಲ್ಲೇ ಅಳೆದುಕೊಳ್ಳುವುದು ಲೇಸು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಗಾಲ್ಫ್ ತಿರುವುಮುರುವಾಗಿಸುತ್ತದೆ: ಇಲ್ಲಿ ಕಾಲಿಗೆ ತಕ್ಕ ಹಾಸಿಗೆಯನ್ನು ಆರಿಸಿಕೊಳ್ಳಬಹುದು.

ಹತ್ತಿರದಿಂದ ಆಡುವುದು ಮೋಸವಲ್ಲವೇ ಎಂಬ ಆಕ್ಷೇಪಕ್ಕೆ ನಿಯಮದಲ್ಲೇ ಉತ್ತರವಿದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಪ್ರತಿ ಟೀಯ ಕಾಠಿಣ್ಯವನ್ನೂ ಪ್ರತ್ಯೇಕವಾಗಿ ಅಂದಾಜು ಮಾಡಲಾಗುತ್ತದೆ. ಮುಂದಿನ ಟೀಯಿಂದ ಆಡುವವರಿಗೆ ದೊರೆಯುವ ಹೊಡೆತಗಳ ರಿಯಾಯಿತಿಯೂ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಹೀಗೆ ತಂದೆ ಮುಂದಿನ ಟೀಯಿಂದ, ಮಗ ಹಿಂದಿನ ಟೀಯಿಂದ ಹೊಡೆದು ಸರಿಸಮನಾಗಿ ಸ್ಪರ್ಧಿಸಬಹುದು.

ಹಾಗಿದ್ದರೂ ಅನೇಕರು ಹಿಂಜರಿಯುವುದೇಕೆ? ಕಾರಣ ದೇಹದಲ್ಲಿಲ್ಲ, ಹೆಸರಿನಲ್ಲಿದೆ. ಮುಂದಿನ ಟೀಯನ್ನು ಬಹುಕಾಲ ‘ಹೆಂಗಸರ ಟೀ’ ಎಂದೂ ‘ಮುದುಕರ ಟೀ’ ಎಂದೂ ಕರೆದುದರಿಂದ ಅಲ್ಲಿ ನಿಲ್ಲುವುದು ಸೋಲೊಪ್ಪಿದಂತೆ ತೋರಿತು. ಆ ಸಂಕೋಚಕ್ಕೆ ಬೆಲೆ ತೆತ್ತವರುಂಟು: ಹನ್ನೆರಡನೆಯ ಕುಳಿಗೇ ದಣಿದು, ಜೊತೆಯವರನ್ನು ಕಾಯಿಸುವ ಮುಜುಗರಕ್ಕೆ ಅಂಜಿ, ಕೊನೆಗೆ ಆಟವನ್ನೇ ಬಿಟ್ಟವರು. ಆಟದೊಡನೆ ಮುಂಜಾನೆಯ ನಡಿಗೆಯೂ ಗೆಳೆಯರ ಮಾತುಕತೆಯೂ ಅವರಿಂದ ದೂರವಾದವು. ಲಿಂಗ, ವಯಸ್ಸುಗಳ ಹೆಸರನ್ನು ಬಿಟ್ಟು ಬಣ್ಣದಿಂದಲೇ ಟೀಗಳನ್ನು ಕರೆಯುವ ರೂಢಿಯ ಔಚಿತ್ಯ ಇದರಿಂದ ತಿಳಿಯುತ್ತದೆ.

ಭಾಷೆಯ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕನ್ನಡದ ‘ಮುನ್’ ಎಂಬ ಮೂಲದಿಂದ ಕಳೆದುದನ್ನು ಹೇಳುವ ‘ಮುನ್ನ’ವೂ ಬರಲಿರುವುದನ್ನು ಹೇಳುವ ‘ಮುಂದೆ’ಯೂ ಹುಟ್ಟಿವೆ. ಮುಂದಿನ ಟೀಯಲ್ಲಿ ನಿಂತ ಹಿರಿಯರಿಗೆ ಈ ಎರಡು ಅರ್ಥಗಳೂ ಸಲ್ಲುತ್ತವೆ. ಮುನ್ನ ಆಡಿದ ಆಟದ ನೆನಪು ಅವರೊಡನಿದೆ; ಮುಂದೆ ಆಡಬೇಕಾದ ಕುಳಿಯ ಬಾವುಟ ಈಗ ಕಣ್ಣಿಗೆ ನಿಲುಕುವಷ್ಟು ಹತ್ತಿರದಲ್ಲಿದೆ.