ಒರೆಗಲ್ಲನ್ನು ಒರೆಗೆ ಹಚ್ಚುವದು

ಬಂಗಾರವು ಅಪ್ಪಟವೋ ಅಲ್ಲವೋ ಎಂಬದನ್ನು ಅಕ್ಕಸಾಲಿಗನು ಒರೆಗಲ್ಲಿನಿಂದ ತಿಳಿಯುತ್ತಾನೆ. ಆ ಕಲ್ಲೇ ಕೆಟ್ಟದ್ದಾದರೆ ಹಿತ್ತಾಳೆಯು ಕೂಡ ಬಂಗಾರದ ಬೆಲೆ ಕಟ್ಟಿಸಿಕೊಂಡೀತು. ಕಂಪ್ಯೂಟರಿನ ತಂತ್ರಾಂಶಕ್ಕೂ ಇಂಥ ಒರೆಗಲ್ಲುಗಳುಂಟು. ಅವುಗಳಿಗೆ ಪರೀಕ್ಷಾ ಸಾಧನಗಳೆಂದು ಹೆಸರು. ವಿದ್ಯಾರ್ಥಿನಿಯೊಬ್ಬಳು ಅಂಥ ಸಾಧನವನ್ನು ಉತ್ತಮಪಡಿಸಲು ಮನಸ್ಸು ಮಾಡಿದರೆ ಯಾವ ಮೇರೆಗೆ ಯೋಜನೆ ಹಾಕಿಕೊಳ್ಳತಕ್ಕದ್ದೆಂಬದೇ ಈ ಲೇಖನದ ವಿಷಯವು.

ಮೂಲ ಬರಹವನ್ನು ಯಾರಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಓಪನ್ ಸೋರ್ಸ್ ಎನ್ನುತ್ತಾರೆ. ಇದರಲ್ಲಿ ಹೊಸಬರಿಗೆ ವೇತನ ಕೊಟ್ಟು, ಅನುಭವಸ್ಥರ ಕೈಕೆಳಗೆ ಕೆಲಸ ಕಲಿಸುವ ಕಾರ್ಯಕ್ರಮವೊಂದನ್ನು ಗೂಗಲ್ ಸಂಸ್ಥೆಯು 2005ನೇ ಇಸವಿಯಲ್ಲಿ ಆರಂಭಿಸಿತು. ಗೂಗಲ್ ಸಮರ್ ಆಫ್ ಕೋಡ್ ಎಂಬದು ಅದರ ಹೆಸರು. ಹದಿನೆಂಟು ತುಂಬಿದವರು ಇದಕ್ಕೆ ಅರ್ಜಿ ಹಾಕಬಹುದು. ಮರು ವರುಷ, ಅಂದರೆ 2006ರಲ್ಲಿ, ಗ್ನೋಮ್ ಎಂಬ ಓಪನ್ ಸೋರ್ಸ್ ಬಳಗಕ್ಕೆ ಈ ಕಾರ್ಯಕ್ರಮದ ಮೂಲಕ 181 ಅರ್ಜಿಗಳು ಬಂದವು. ಅವುಗಳಲ್ಲಿ ಹೆಂಗಸರದು ಒಂದಾದರೂ ಇರಲಿಲ್ಲ. ಅದನ್ನು ಕಂಡು ಗ್ನೋಮ್ ಬಳಗದವರು ಅದೇ ವರುಷ ಸ್ತ್ರೀಯರಿಗಾಗಿಯೇ ಬೇರೆ ಏರ್ಪಾಡು ಮಾಡಿದರು. ಅದೇ ಬೆಳೆದು ಔಟ್‌ರೀಚಿ ಎಂಬ ಹೆಸರು ಪಡೆಯಿತು. ಬಾಗಿಲು ತೆರೆದಿದ್ದರೂ ಒಳಗೆ ಹೋಗುವವಳು ಸಿದ್ಧತೆಯಿಂದ ಹೋಗಬೇಕಷ್ಟೆ. ಆ ಸಿದ್ಧತೆಯೇ ಯೋಜನೆ.

ನಿದರ್ಶನಕ್ಕಾಗಿ ಗಿಟ್ ಎಂಬದನ್ನು ತೆಗೆದುಕೊಳ್ಳೋಣ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಎಂಬವರು ಇದನ್ನು ರಚಿಸಿದರು. ಒಂದು ಬರಹವನ್ನು ಯಾರು, ಯಾವಾಗ, ಹೇಗೆ ತಿದ್ದಿದರೆಂಬ ಲೆಕ್ಕವನ್ನು ಅದು ಇಡುತ್ತದೆ. ಲೋಕದ ಅಸಂಖ್ಯ ತಂತ್ರಾಂಶಗಳು ಇದನ್ನು ನಂಬಿಕೊಂಡಿರುವದರಿಂದ ಇದರಲ್ಲಿಯ ಸಣ್ಣ ತಪ್ಪೂ ಬಹು ಜನರ ಕೆಲಸವನ್ನು ಕೆಡಿಸೀತು. ಆದಕಾರಣ ಗಿಟ್‌ಗೆ ಪರೀಕ್ಷೆಗಳು ಹೇರಳವಾಗಿವೆ. ಅವುಗಳಲ್ಲಿ ಹೆಚ್ಚಿನವು ಶೆಲ್ ಸ್ಕ್ರಿಪ್ಟ್ ಎಂಬ ವಿಧಾನದಲ್ಲಿ ಬರೆದವು. ಒಂದು ಚಿಕ್ಕ ಸಹಾಯಕ ಪ್ರೋಗ್ರಾಮನ್ನು ಓಡಿಸಿ, ಅದು ಹೇಳಿದ ಉತ್ತರವನ್ನು ಓದಿ, ಸರಿಯುತ್ತರದೊಡನೆ ಹೋಲಿಸುವದು ಅವುಗಳಲ್ಲಿ ಕೆಲವುಗಳ ಕ್ರಮ. ಆದರೆ ಪ್ರತಿ ಪ್ರಶ್ನೆಗೂ ಹೊಸ ಪ್ರೋಗ್ರಾಮನ್ನು ಎಬ್ಬಿಸಬೇಕಾಗುವದರಿಂದ ಹೊತ್ತು ಹಿಡಿಯುತ್ತದೆ. ವಿಂಡೋಸ್ ಕಂಪ್ಯೂಟರುಗಳಲ್ಲಂತೂ ಇನ್ನೂ ಹೆಚ್ಚು. ಒಳಗಿನ ಒಂದೊಂದು ಭಾಗವನ್ನು ನೇರವಾಗಿ ಕರೆದು ಪ್ರಶ್ನಿಸುವ ವಿಧಾನಕ್ಕೆ ಯೂನಿಟ್ ಟೆಸ್ಟ್ ಎಂದು ಹೆಸರು. ಹಳೆಯ ಪರೀಕ್ಷೆಗಳಲ್ಲಿ ಕೆಲವನ್ನು ಈ ವಿಧಾನಕ್ಕೆ ತರುವ ಕೆಲಸವನ್ನು ಗಿಟ್ ಬಳಗವು 2024ರಲ್ಲಿ ಸಮರ್ ಆಫ್ ಕೋಡ್‌ನ ಅಭ್ಯರ್ಥಿಗಳ ಮುಂದೆ ಇಟ್ಟಿತು.

ಇಂಥ ಕೆಲಸಕ್ಕೆ ಯೋಜನೆ ಬರೆಯುವವಳು ಮೊದಲು ಮಾಡತಕ್ಕದ್ದೇನು? ಗಿಟ್ ಬಳಗವು ಅರ್ಜಿಯ ಮುಂಚೆಯೇ ಅಭ್ಯರ್ಥಿಯಿಂದ ಒಂದು ಚಿಕ್ಕ ತಿದ್ದುಪಡಿಯನ್ನು ಮಾಡಿಸುತ್ತದೆ. ಕೋಡನ್ನು ಹೇಗೆ ಕಟ್ಟುವದು, ಪರೀಕ್ಷೆಯನ್ನು ಹೇಗೆ ಓಡಿಸುವದು, ಇತರರ ಟೀಕೆಗೆ ಹೇಗೆ ಉತ್ತರ ಕೊಡುವದು ಎಂಬಿವು ಅದರಿಂದ ತಿಳಿದು ಬರುವವು. ಎರಡನೆಯದಾಗಿ, ಕೆಲಸವನ್ನು ಎಣಿಸಬಹುದಾದ ತುಂಡುಗಳಾಗಿ ಒಡೆಯಬೇಕು. “ಪರೀಕ್ಷೆಗಳನ್ನು ಉತ್ತಮಪಡಿಸುವೆನು” ಎಂಬದು ಹಾರೈಕೆ. “ಇಂಥಿಂಥ ಹೆಸರಿನ ಮೂರು ಪರೀಕ್ಷೆಗಳನ್ನು ಬದಲಿಸುವೆನು” ಎಂಬದು ಯೋಜನೆ. ಮೂರನೆಯದಾಗಿ, ಹೊತ್ತಿನ ಲೆಕ್ಕ. ಹನ್ನೆರಡು ವಾರಗಳಿದ್ದರೆ ಹನ್ನೆರಡನ್ನೂ ಬರವಣಿಗೆಗೆ ತುಂಬಬಾರದು. ಹಿರಿಯರು ಓದಿ ತಪ್ಪು ತೋರಿಸುವದಕ್ಕೂ ತಿದ್ದಿ ಮತ್ತೆ ಕಳುಹಿಸುವದಕ್ಕೂ ಬರೆಯುವಷ್ಟೇ ಹೊತ್ತು ಬೇಕಾಗುವದು. ಮೊದಲನೆಯ ತುಂಡು ಪೂರ್ತಿಯಾಗಿ ಅಂಗೀಕಾರ ಹೊಂದುವ ಮೊದಲು ಐದಾರನ್ನು ಒಟ್ಟಿಗೆ ಹರಡಿಕೊಂಡರೆ, ಒಂದರ ತಪ್ಪು ಆರರಲ್ಲಿಯೂ ಸೇರೀತು.

ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೆಯದು. ಹೊಸ ಪರೀಕ್ಷೆಯು “ಸರಿ” ಎಂದು ಹೇಳಿದ ಮಾತ್ರಕ್ಕೆ ನಂಬತಕ್ಕದ್ದಲ್ಲ. ಒಂದು ಅಕ್ಷರವು ಅಂಕಿಯೋ ಅಲ್ಲವೋ ಎಂಬದನ್ನು ಹೇಳುವ ಭಾಗವು ಗಿಟ್‌ನಲ್ಲಿ ಉಂಟು. ಅದರ ಪರೀಕ್ಷೆಯನ್ನು ಬರೆದ ಮೇಲೆ, ಆ ಭಾಗದಲ್ಲಿ ಬೇಕೆಂದೇ ಒಂದು ತಪ್ಪನ್ನು ಇಡಬೇಕು. 9 ಅಂಕಿಯಲ್ಲವೆಂದು ಅದು ಹೇಳುವಂತೆ ಮಾಡಬೇಕು. ಆಗ ಪರೀಕ್ಷೆಯು ಕೂಗಿಕೊಂಡರೆ ಅದು ನಿಜವಾದ ಪರೀಕ್ಷೆ. ಆಗಲೂ “ಸರಿ” ಎಂದರೆ, ಪಾಠ ಓದದವಳಿಗೂ ಪೂರ್ಣ ಅಂಕಗಳನ್ನು ಕೊಡುವ ಪ್ರಶ್ನೆಪತ್ರಿಕೆಯಂತೆ ಅದು ನಿರರ್ಥಕ. ಸುಳ್ಳು ಧೈರ್ಯ ಕೊಡುವದರಿಂದ ಪರೀಕ್ಷೆ ಇಲ್ಲದ್ದಕ್ಕಿಂತಲೂ ಕೇಡು. ಹೀಗೆ ತಪ್ಪುಗಳನ್ನು ಬಿತ್ತಿ ಪರೀಕ್ಷೆಗಳನ್ನೇ ಪರೀಕ್ಷಿಸುವ ಉಪಾಯವನ್ನು ಡಿಮಿಲ್ಲೋ, ಲಿಪ್ಟನ್, ಸೇವರ್ಡ್ ಎಂಬ ವಿದ್ವಾಂಸರು 1978ರ ಪ್ರಬಂಧದಲ್ಲಿ ವಿವರಿಸಿದರು. ಇದನ್ನು ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. ಯೋಜನೆಯಲ್ಲಿ ಇದಕ್ಕೆ ಪ್ರತ್ಯೇಕವಾಗಿ ಹೊತ್ತನ್ನು ಬರೆದಿಡಬೇಕು.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾಗದು. ಮೇಲೆ ಹೇಳಿದ ಅಕ್ಷರಗಳ ಪರೀಕ್ಷೆಯನ್ನು 2024ರ ಆರಂಭದಲ್ಲಿ ಯೂನಿಟ್ ಟೆಸ್ಟ್ ಆಗಿ ಬರೆಯಲಾಯಿತು. ಅದೇ ವರುಷ ಗಿಟ್ ಬಳಗವು ಕ್ಲಾರ್ ಎಂಬ ಬೇರೊಂದು ಚೌಕಟ್ಟನ್ನು ಅಂಗೀಕರಿಸಿದ್ದರಿಂದ ಅದನ್ನು ಮತ್ತೆ ಬದಲಿಸಬೇಕಾಯಿತು. ಹಾಗಾದರೆ ಮೊದಲಿನ ಶ್ರಮವು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತೇ? ಇಲ್ಲ. ಬದಲಾದದ್ದು ಚೌಕಟ್ಟು, ಯಾವ ಅಕ್ಷರಕ್ಕೆ ಯಾವ ಉತ್ತರ ಬರಬೇಕೆಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಪ್ರಶ್ನೆಗಳನ್ನು ಒಮ್ಮೆ ವಿಂಗಡಿಸಿ ಸ್ಪಷ್ಟವಾಗಿ ಬರೆದಿದ್ದ ಕಾರಣ ಎರಡನೆಯ ಬದಲಾವಣೆಯು ಹಗುರವಾಯಿತು.

ಆದ್ದರಿಂದ ಯೋಜನೆ ಹಾಕುವ ವಿದ್ಯಾರ್ಥಿನಿಯು ಈ ಒಂದು ಮಾತನ್ನು ನೆನಪಿನಲ್ಲಿಡಲಿ. ಸಾಧನಗಳು ಹಳತಾಗುವವು, ಹೆಸರುಗಳು ಬದಲಾಗುವವು. ಸರಿಯಾದದ್ದು ಯಾವದು, ತಪ್ಪು ಬಂದರೆ ಹೇಗೆ ತಿಳಿಯುವದು ಎಂಬದನ್ನು ನೇರವಾಗಿ ಕೇಳುವ ಪ್ರಶ್ನೆಯೇ ಅವಳ ಕೆಲಸದಲ್ಲಿ ಬಾಳುವ ಭಾಗ. ಹತ್ತು ಪರೀಕ್ಷೆಗಳಿಗೆ ಕೈ ಹಾಕಿ ಅರ್ಧಕ್ಕೆ ಬಿಟ್ಟವಳಿಗಿಂತ, ಮೂರನ್ನು ಮುಗಿಸಿ, ಮುಂದೆ ಬರುವವಳಿಗೆ ಅರ್ಥವಾಗುವ ಹಾಗೆ ಬರೆದಿಟ್ಟು ಹೋದವಳ ಉಪಕಾರವು ದೊಡ್ಡದು.