ಅಂಚೆಯಲ್ಲಿ ಬರುವ ಹಣ, ಕೋಣೆಯಲ್ಲಿ ಕಾಯುವ ಮಾಲು

ಬೆಳೆದ ಮಾಲನ್ನು ಮಂಡಿಗೆ ಒಯ್ಯದೆ ನೇರವಾಗಿ ಬಳಕೆದಾರರಿಗೆ ಮಾರುವ ಪದ್ಧತಿ ಈಗ ಹಲವು ರೈತರಲ್ಲಿ ರೂಢಿಗೆ ಬಂದಿದೆ. ಬಿತ್ತನೆ ಶುಂಠಿ, ನಾಟಿ ತಳಿಯ ರಾಗಿ, ಅವರೆ ಬೀಜ, ಬೆಲ್ಲ, ಜೇನುತುಪ್ಪ, ಕಾಫಿಪುಡಿ, ಮಾವು ಮುಂತಾದುವುಗಳ ಚಿತ್ರವನ್ನೂ ದರವನ್ನೂ ಅಂತರಜಾಲದಲ್ಲಿ ಅಥವಾ ಫೋನಿನ ಗುಂಪುಗಳಲ್ಲಿ ಪ್ರಕಟಿಸಿದರೆ ದೂರದ ಊರುಗಳಿಂದಲೂ ಬೇಡಿಕೆ ಬರುತ್ತದೆ. ಬಹುಪಾಲು ಗಿರಾಕಿಗಳು ಯು.ಪಿ.ಐ. ಮೂಲಕ ಆಗಿಂದಾಗಲೇ ಹಣ ಸಲ್ಲಿಸುತ್ತಾರೆ. ಆದರೆ ಎಲ್ಲರೂ ಅಲ್ಲ. ಕೆಲವು ಶಾಲೆಗಳು, ಟ್ರಸ್ಟುಗಳು, ಇಬ್ಬರ ಸಹಿ ಬೇಕಾಗುವ ಸಂಘ ಸಂಸ್ಥೆಗಳು, ಫೋನಿನಲ್ಲಿ ಹಣದ ವ್ಯವಹಾರ ಬೇಡವೆನ್ನುವ ಹಿರಿಯರು ಈಗಲೂ ಚೆಕ್ಕನ್ನೋ ಡಿ.ಡಿ.ಯನ್ನೋ ಅಂಚೆಯಲ್ಲಿ ಕಳುಹಿಸುತ್ತಾರೆ. “ಚೆಕ್ಕನ್ನು ಇವತ್ತೇ ಅಂಚೆಗೆ ಹಾಕಿದ್ದೇನೆ, ನೀವು ಮಾಲು ಕಳುಹಿಸಿಬಿಡಿ” ಎಂಬ ಸಂದೇಶ ನಿಮಗೂ ಬಂದಿರಬಹುದು.

ಆ ಸಂದೇಶ ಬಂದ ದಿನದಿಂದ ಹಣ ನಿಮ್ಮ ಖಾತೆಗೆ ಜಮಾ ಆಗುವ ದಿನದವರೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಚೆಕ್ಕಿನ ವಿಚಾರ ಬೇಸಾಯಶಾಸ್ತ್ರದವರಿಗೇಕೆ ಎಂದು ಕೆಲವರಿಗೆ ಅನಿಸೀತು. ಬಟ್ಟೆಯ ವ್ಯಾಪಾರಿಗೆ ಹಣ ಹತ್ತು ದಿನ ತಡವಾದರೂ ಬಟ್ಟೆ ಇದ್ದಂತೆಯೇ ಇರುತ್ತದೆ. ನಮ್ಮ ಮಾಲಾದರೋ ಉಸಿರಾಡುತ್ತದೆ, ತೇವ ಎಳೆದುಕೊಳ್ಳುತ್ತದೆ, ಮೊಳಕೆ ಒಡೆಯುತ್ತದೆ. ಬಿತ್ತನೆಯ ಹದವಂತೂ ಯಾರಿಗೂ ಕಾಯುವುದಿಲ್ಲ. ಆದಕಾರಣ ಹಣದ ಲೆಕ್ಕವನ್ನೂ ಮಾಲಿನ ಲೆಕ್ಕವನ್ನೂ ಒಟ್ಟಿಗೇ ಹಾಕಬೇಕಾಗುತ್ತದೆ.

ಮನಿಯಾರ್ಡರ್ ಬೇರೆ, ಚೆಕ್ಕು ಬೇರೆ

ನಮ್ಮ ದೇಶದ ಅಂಚೆ ಕಚೇರಿಗಳಲ್ಲಿ ಮನಿಯಾರ್ಡರ್ ಸೇವೆ 1880ರಲ್ಲಿ ಆರಂಭವಾಯಿತು. ಹಳೆಯ ಕಾಗದದ ಮನಿಯಾರ್ಡರ್ 2015ರಲ್ಲಿ ನಿಂತುಹೋಯಿತು. ಅದನ್ನು ಕಂಡವರಿಗೆ ಗೊತ್ತು: ಅಂಚೆಯವನು ಬಾಗಿಲಿಗೆ ಬಂದು, ಸಹಿ ಹಾಕಿಸಿಕೊಂಡು, ನೋಟುಗಳನ್ನು ಎಣಿಸಿ ಕೈಗೆ ಕೊಡುತ್ತಿದ್ದ. ಅಂಚೆಯವನು ಬಂದನೆಂದರೆ ಹಣ ಬಂದಿತೆಂದೇ ಅರ್ಥ. ಚೆಕ್ಕು ಹಾಗಲ್ಲ. ಲಕೋಟೆ ಕೈಸೇರಿದರೂ ಹಣ ಗಿರಾಕಿಯ ಬ್ಯಾಂಕಿನಲ್ಲೇ ಇರುತ್ತದೆ, ಕೆಲವು ವೇಳೆ ಅಲ್ಲಿಯೂ ಇರುವುದಿಲ್ಲ. ಹಳೆಯ ಅಭ್ಯಾಸದಿಂದ ಲಕೋಟೆ ಕಂಡೊಡನೆ ಪಾರ್ಸೆಲ್ ಕಟ್ಟುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು.

ಚೆಕ್ಕು ಬಂದ ಕೂಡಲೇ ಕೆಲವು ಅಂಶಗಳನ್ನು ಪರೀಕ್ಷಿಸಿರಿ. ದಿನಾಂಕ ಯಾವುದು? 2012ರ ಏಪ್ರಿಲ್ 1ರಿಂದ ಚೆಕ್ಕು ಮತ್ತು ಡಿ.ಡಿ.ಗಳು ಅವುಗಳ ಮೇಲಿನ ದಿನಾಂಕದಿಂದ 3 ತಿಂಗಳು ಮಾತ್ರ ಊರ್ಜಿತವಾಗಿರುತ್ತವೆ. ಅದಕ್ಕೆ ಮೊದಲು 6 ತಿಂಗಳ ಅವಧಿ ಇತ್ತು, ಹಳೆಯ ಲೆಕ್ಕವನ್ನೇ ನೆನಪಿನಲ್ಲಿಟ್ಟುಕೊಂಡವರು ಇನ್ನೂ ಇದ್ದಾರೆ. ಅಕ್ಷರದಲ್ಲಿ ಬರೆದ ಮೊತ್ತವೂ ಅಂಕಿಯಲ್ಲಿ ಬರೆದ ಮೊತ್ತವೂ ಒಂದೇ ಆಗಿವೆಯೇ? ತಿದ್ದುಪಡಿ ಇದೆಯೇ? ಈಗ ಚೆಕ್ಕಿನ ಕಾಗದ ಊರೂರು ಸುತ್ತುವುದಿಲ್ಲ, ಅದರ ಚಿತ್ರ ಮಾತ್ರ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಆದ್ದರಿಂದ ಹೆಸರನ್ನಾಗಲಿ ಮೊತ್ತವನ್ನಾಗಲಿ ತಿದ್ದಿದ ಚೆಕ್ಕನ್ನು ಸ್ವೀಕರಿಸುವುದಿಲ್ಲ, ತಿದ್ದಿದ ಕಡೆ ಸಹಿ ಮಾಡಿದ್ದರೂ ಸಹ. ಇನ್ನು ಹೆಸರಿನ ವಿಷಯ. ಗಿರಾಕಿ ನಿಮ್ಮ ತೋಟದ ಹೆಸರಿಗೆ ಚೆಕ್ಕು ಬರೆದು, ಖಾತೆ ನಿಮ್ಮ ಸ್ವಂತ ಹೆಸರಿನಲ್ಲಿದ್ದರೆ ಅದು ಮರಳಿ ಹೋಗಿ ಹೊಸದು ಬರಬೇಕು, ಮತ್ತೆ ಒಂದು ವಾರ ಕಳೆಯುತ್ತದೆ. ಪಾಸ್ ಪುಸ್ತಕದಲ್ಲಿರುವ ಹೆಸರನ್ನು ಅಕ್ಷರ ತಪ್ಪದಂತೆ ಮೊದಲೇ ತಿಳಿಸುವುದು ಲೇಸು.

ಬ್ಯಾಂಕಿಗೆ ಹಾಕಿದ ಮೇಲೆ ಈಗ ಹೆಚ್ಚು ಕಾಯಬೇಕಾಗಿಲ್ಲ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳನ್ನು ಕಂತೆ ಕಟ್ಟಿ ದಿನಕ್ಕೊಮ್ಮೆ ಲೆಕ್ಕ ಹಾಕುವ ಕ್ರಮವನ್ನು ಬಿಟ್ಟು, ಬಂದ ಹಾಗೆಯೇ ಮುಂದೆ ಕಳುಹಿಸುವ ಕ್ರಮವನ್ನು ರಿಸರ್ವ್ ಬ್ಯಾಂಕು ತಂದಿದೆ. ಬೆಳಿಗ್ಗೆ ಕೊಟ್ಟ ಚೆಕ್ಕಿನ ಹಣೆಬರಹ ಸಾಮಾನ್ಯವಾಗಿ ಸಂಜೆಯೊಳಗೆ ಗೊತ್ತಾಗುತ್ತದೆ. ಹೀಗಾಗಿ ತಡವಾಗುವುದು ಮುಖ್ಯವಾಗಿ ಅಂಚೆಯಲ್ಲಿ, ಮತ್ತು ಹೇಳಲೇಬೇಕಾದ ಮಾತು, ನಮ್ಮದೇ ಜೇಬಿನಲ್ಲಿ. ಪಟ್ಟಣಕ್ಕೆ ಹೋದಾಗ ಹಾಕಿದರಾಯಿತೆಂದು ಚೆಕ್ಕನ್ನು ಪಂಚಾಂಗದ ನಡುವೆ ಇಟ್ಟು ಮರೆಯುವವರು ಬಹಳ ಮಂದಿ.

ಅಂಚೆಯಲ್ಲಿ ಕಳೆದುಹೋದರೆ ಯಾರ ತಲೆಯ ಮೇಲೆ?

ಈ ಪ್ರಶ್ನೆಗೆ ಸಂಬಂಧಿಸಿದಂತೆ 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಓಗಲೆ ಗಾಜಿನ ಕಾರ್ಖಾನೆಯ ಮೊಕದ್ದಮೆಯನ್ನು ತಿಳಿದಿರುವುದು ಒಳ್ಳೆಯದು. ಈಗಿನ ಮಹಾರಾಷ್ಟ್ರದಲ್ಲಿರುವ ಔಂಧ್ ಸಂಸ್ಥಾನದ ಆ ಕಾರ್ಖಾನೆ ಸರ್ಕಾರಕ್ಕೆ ಲಾಟೀನು ಮೊದಲಾದ ಸಾಮಾನುಗಳನ್ನು ಪೂರೈಸಿ, ಹಣವನ್ನು ಚೆಕ್ಕಿನ ಮೂಲಕ ಕಳುಹಿಸಿರೆಂದು ಕೋರಿತ್ತು. ದೆಹಲಿಯಿಂದ ಚೆಕ್ಕುಗಳು ಅಂಚೆಯಲ್ಲಿ ಬಂದವು. ವ್ಯಾಜ್ಯ ಎದ್ದದ್ದು ಆದಾಯ ತೆರಿಗೆಯ ಬಗ್ಗೆ: ಹಣ ಸಂದದ್ದು ದೆಹಲಿಯಲ್ಲೋ ಔಂಧಿನಲ್ಲೋ? ಹಣ ಪಡೆಯುವವರು ನೇರವಾಗಿಯೋ ಸೂಚ್ಯವಾಗಿಯೋ ಅಂಚೆಯಲ್ಲಿ ಕಳುಹಿಸಿರೆಂದು ಕೇಳಿಕೊಂಡಿದ್ದರೆ ಅಂಚೆ ಕಚೇರಿ ಅವರ ಪ್ರತಿನಿಧಿಯಾಗುತ್ತದೆ, ಚೆಕ್ಕನ್ನು ಅಂಚೆಗೆ ಹಾಕಿದಲ್ಲಿಯೇ ಅದು ಅವರಿಗೆ ತಲುಪಿದಂತೆ ಎಂದು ನ್ಯಾಯಾಲಯ ಹೇಳಿತು.

ರೈತರಿಗೆ ಇದರಿಂದ ಸಿಗುವ ಪಾಠ ಸರಳ. ನಿಮ್ಮ ಬಿಲ್ಲಿನಲ್ಲಿ “ಚೆಕ್ಕನ್ನು ಅಂಚೆಯಲ್ಲಿ ಕಳುಹಿಸಿರಿ” ಎಂದು ನೀವೇ ಬರೆದರೆ, ದಾರಿಯಲ್ಲಿ ಆಗುವ ಹೆಚ್ಚುಕಡಿಮೆಯನ್ನು ನಿಮ್ಮ ಮೇಲೆ ಎಳೆದುಕೊಂಡಂತಾಗಬಹುದು. ಅದರ ಬದಲು “ಮೊತ್ತವು ನನ್ನ ಬ್ಯಾಂಕು ಖಾತೆಗೆ ಜಮಾ ಆದಾಗ ಮಾತ್ರ ಪಾವತಿ ಪೂರ್ಣ; ಅನಂತರವೇ ಮಾಲು ರವಾನೆ” ಎಂಬ ಒಂದು ಸಾಲನ್ನು ಬಿಲ್ಲಿನಲ್ಲಿಯೂ ಫೋನಿನ ಸಂದೇಶದಲ್ಲಿಯೂ ಬರೆಯಿರಿ. ಗಿರಾಕಿ ಅಂಚೆಯನ್ನೇ ಆರಿಸಿಕೊಂಡರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿಯ ಚಿತ್ರವನ್ನು ಕೊಡಲು ಹೇಳಿರಿ. ಆ ಸಂಖ್ಯೆಯಿಂದ ಲಕೋಟೆ ಎಲ್ಲಿದೆ ಎಂಬುದನ್ನು ನೀವೂ ನೋಡಬಹುದು. ಲಕೋಟೆ ಕಳೆದುಹೋದದ್ದು ಖಚಿತವಾದರೆ, ಆ ಚೆಕ್ಕಿಗೆ ಹಣ ಕೊಡದಂತೆ ಗಿರಾಕಿ ತಮ್ಮ ಬ್ಯಾಂಕಿಗೆ ತಿಳಿಸಿ ಬೇರೆ ಚೆಕ್ಕು ಬರೆಯಬೇಕು. ಸುಮ್ಮನೆ ದಿನ ತಳ್ಳುವುದರಿಂದ ಪ್ರಯೋಜನವಿಲ್ಲ.

ಹಣ ಬರುವವರೆಗೆ ಮಾಲು ಯಾರದು?

ಒಪ್ಪಿದ ಹಣ ಬರುವವರೆಗೆ ಮಾಲನ್ನು ತನ್ನ ಸ್ವಾಧೀನದಲ್ಲಿ ಇಟ್ಟುಕೊಳ್ಳುವ ಹಕ್ಕನ್ನು 1930ರ ಸರಕುಗಳ ಮಾರಾಟ ಅಧಿನಿಯಮ ಮಾರುವವನಿಗೆ ಕೊಟ್ಟಿದೆ. ಕೊಟ್ಟ ಚೆಕ್ಕು ಮರಳಿ ಬಂದರೂ ಆತ ಹಣ ಸಲ್ಲದ ಮಾರಾಟಗಾರನೇ. ನಮಗೆ ಹೆಚ್ಚು ಉಪಯೋಗವಾಗುವುದು ಅದೇ ಅಧಿನಿಯಮದ 54ನೇ ಪ್ರಕರಣ. ಬೇಗ ಕೆಡುವ ಮಾಲಾಗಿದ್ದು, ಗಿರಾಕಿ ಯುಕ್ತ ಕಾಲದೊಳಗೆ ಹಣ ಕೊಡದಿದ್ದರೆ ಅದನ್ನು ಬೇರೆಯವರಿಗೆ ಮಾರಬಹುದು. ಕೆಡದ ಮಾಲಾದರೆ, ಹೀಗೆ ಮಾರುತ್ತೇನೆಂದು ಮೊದಲು ನೋಟೀಸು ಕೊಟ್ಟು ಅನಂತರ ಮಾರಬೇಕು. “ಯುಕ್ತ ಕಾಲ” ಎಷ್ಟು ಎಂಬ ಚರ್ಚೆಗೆ ಎಡೆಗೊಡದೆ, “ಇಂಥ ತಾರೀಖಿನವರೆಗೆ ಮಾತ್ರ ಕಾಯ್ದಿರಿಸುತ್ತೇನೆ” ಎಂದು ಒಪ್ಪಂದದ ದಿನವೇ ತಿಳಿಸಿಬಿಡಿ. ಆ ತಾರೀಖನ್ನು ಗೊತ್ತುಮಾಡಲು ಮಾಲಿನ ಗುಣ ತಿಳಿದಿರಬೇಕು.

ಮಾವಿಗೆ ಚೆಕ್ಕಿನ ಗೊಡವೆಯೇ ಬೇಡ. ಬಲಿತು ಕೊಯ್ದ ಬಾದಾಮಿ ಹಣ್ಣು ಸಾಮಾನ್ಯ ಉಷ್ಣತೆಯಲ್ಲಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಹಣ್ಣಾಗುತ್ತದೆ. ಪಾರ್ಸೆಲ್ಲಿನ ಪ್ರಯಾಣಕ್ಕೇ ಅದರಲ್ಲಿ ಎರಡು ಮೂರು ದಿನ ಹೋಗುತ್ತದೆ. ಹಣ ಜಮಾ ಆದ ಮೇಲೆ ಕೊಯ್ಲು, ಕೊಯ್ಲಾದ ಮೇಲೆ ಪಾರ್ಸೆಲ್, ಇದೇ ಕ್ರಮ. ಕಾಫಿಯನ್ನು ಹುರಿದು ಪುಡಿ ಮಾಡುವುದನ್ನೂ ಹಣ ಬರುವವರೆಗೆ ತಡೆಹಿಡಿಯಬಹುದು, ಬೀಜದ ರೂಪದಲ್ಲಿ ಅದು ಕಾಯುತ್ತದೆ.

ಬಿತ್ತನೆ ಬೀಜದ ವಿಷಯದಲ್ಲಿ ಹೆಚ್ಚು ಎಚ್ಚರಿಕೆ ಅವಶ್ಯಕ. ಬೀಜದ ತೇವಾಂಶ ಶೇ. 5ರಿಂದ 14ರ ನಡುವೆ ಇರುವಾಗ, ಅದು ಶೇ. 1ರಷ್ಟು ಏರಿದರೆ ಬೀಜದ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಅವರ ಪ್ರಸಿದ್ಧ ಸೂತ್ರ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಏರಿದರೂ ಅಷ್ಟೇ. ಮುಂಗಾರಿನ ಗಾಳಿಯಲ್ಲಿ ಗೋಣಿಚೀಲದ ಬೀಜ ಮತ್ತೆ ತೇವ ಎಳೆಯುತ್ತದೆ. ಸಾಧಾರಣ ಚೀಲದಲ್ಲಿ ಇಡುವ ರಾಗಿ ಬೀಜದ ತೇವಾಂಶ ಶೇ. 12ನ್ನೂ, ಬೇಳೆಕಾಳು ಮತ್ತು ಶೇಂಗಾದ್ದು ಶೇ. 9ನ್ನೂ ಮೀರಬಾರದು. ಗಾಳಿಯಾಡದ ಚೀಲಕ್ಕೆ ತುಂಬುವುದಾದರೆ ರಾಗಿ ಮತ್ತು ಬೇಳೆಕಾಳನ್ನು ಶೇ. 8ಕ್ಕೂ ಶೇಂಗಾವನ್ನು ಶೇ. 5ಕ್ಕೂ ಒಣಗಿಸಿರಬೇಕು. ಅರೆ ಒಣಗಿದ ಬೀಜವನ್ನು ಅಂದವಾದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಿಗಿಯಾಗಿ ಕಟ್ಟಿ, ಹದಿನೈದು ದಿನ ಚೆಕ್ಕಿಗಾಗಿ ಕಾದು, ಅನಂತರ ಕಳುಹಿಸುವುದು ಬೀಜವನ್ನು ಬೇಯಿಸಿ ಕಳುಹಿಸಿದಂತೆಯೇ. ಶೇಂಗಾವನ್ನು ಕಾಯಿಯಾಗಿಯೇ ಇಡಿ. ಸುಲಿದ ಬೀಜ ಬಹುಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಅವರೆ, ತೊಗರಿಗೆ ಹುಳುವಿನ ಕಾಟವೂ ಉಂಟು, ರವಾನೆಗೆ ಮುನ್ನ ಮತ್ತೊಮ್ಮೆ ನೋಡತಕ್ಕದ್ದು.

ಬಿತ್ತನೆ ಶುಂಠಿಯನ್ನು ನೆರಳಿನ ಗುಂಡಿಯಲ್ಲಿ ಮರಳು ಅಥವಾ ಮರದ ಹೊಟ್ಟಿನ ಪದರಗಳ ನಡುವೆಯೇ ಬಿಡಿರಿ. ಹಣ ಬಂದ ಮೇಲೆ ಗಡ್ಡೆ ತೆಗೆದು ಆರಿಸಿ ತೂಗಬೇಕು. ಮುಂಚೆಯೇ ತೂಗಿ ಚೀಲ ಕಟ್ಟಿಟ್ಟರೆ ದಿನೇ ದಿನೇ ತೂಕ ಇಳಿದು, ತಲುಪಿದಾಗ ಕಡಿಮೆ ಬಂತೆಂಬ ದೂರು ತಪ್ಪದು. ಗಡ್ಡೆಯನ್ನು ತುಂಡು ಮಾಡುವ ಕೆಲಸ ನಾಟಿಯ ಹೊತ್ತಿಗೆ ಗಿರಾಕಿಯ ಹೊಲದಲ್ಲೇ ಆಗಲಿ. ಇಲ್ಲಿ ಗಿರಾಕಿಯೂ ರೈತನೇ ಎಂಬುದನ್ನು ಮರೆಯಬಾರದು. ಮೇ ತಿಂಗಳ ನಾಟಿಗೆ ಬೇಕಾದ ಗಡ್ಡೆಗೆ ಆತ ಏಪ್ರಿಲ್ ಕೊನೆಯಲ್ಲಿ ಚೆಕ್ಕು ಅಂಚೆಗೆ ಹಾಕಿದರೆ ಹದ ತಪ್ಪುವುದು ಆತನಿಗೇ. ಫೋನಿನಲ್ಲಿ ಇದನ್ನು ಬಿಡಿಸಿ ಹೇಳಿದರೆ ಎಷ್ಟೋ ಮಂದಿ ನೆರೆಯವರಿಂದಲೋ ಮಕ್ಕಳಿಂದಲೋ ನೇರವಾಗಿ ಖಾತೆಗೆ ಹಣ ಹಾಕಿಸಲು ಒಪ್ಪುತ್ತಾರೆ.

ಜೇನು, ಬೆಲ್ಲಗಳು ಕಾಯುತ್ತವೆ. ಬೆಲ್ಲವನ್ನು ಮಾತ್ರ ಮಳೆಗಾಲದಲ್ಲಿ ತೇವ ತಾಗದಂತೆ ಮುಚ್ಚಿಡಿ.

ತಲುಪಿದಾಗ ಹಣ

ವಿ.ಪಿ. ಮೂಲಕ ಪುಸ್ತಕ ತರಿಸಿದ ನೆನಪು ಹಲವರಿಗೆ ಇರಬಹುದು. ಗಿರಾಕಿ ಅಂಚೆಯವನಿಗೆ ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುತ್ತಾನೆ, ಆ ಹಣ ಮನಿಯಾರ್ಡರ್ ಆಗಿ ಕಳುಹಿಸಿದವನಿಗೆ ಬರುತ್ತದೆ. ಇಂದು ಕೊರಿಯರಿನವರೂ ಇದೇ ತತ್ವವನ್ನು ಅನುಸರಿಸುತ್ತಾರೆ. ಚೆಕ್ಕಿನ ಭಯ ಇಲ್ಲಿಲ್ಲ, ನಿಜ. ಆದರೆ ಗಿರಾಕಿ “ಬೇಡ” ಎಂದರೆ ಹೋಗಿ ಬರುವ ಎರಡೂ ಕಡೆಯ ವೆಚ್ಚ ನಿಮ್ಮದು, ಮರಳಿ ಬಂದ ಬೀಜಕ್ಕೆ ಹಂಗಾಮೂ ಮುಗಿದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಬೆಲ್ಲ, ಜೇನು, ಕಾಫಿಗೆ ಆದೀತು, ಬಿತ್ತನೆ ಮಾಲಿಗೆ ಆಗದು.

ಚೆಕ್ಕು ಮರಳಿ ಬಂದಾಗ

ಮಾಲು ಇನ್ನೂ ನಿಮ್ಮಲ್ಲೇ ಇದ್ದರೆ ನಷ್ಟ ಬ್ಯಾಂಕಿನ ಶುಲ್ಕವಷ್ಟೇ. ಬೇರೆ ಗಿರಾಕಿಯನ್ನು ನೋಡಬಹುದು. ಮಾಲು ಹೋಗಿಬಿಟ್ಟಿದ್ದರೆ ದಿನಗಳನ್ನು ಎಣಿಸಬೇಕು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ವರ್ಗಾವಣೀಯ ಲಿಖಿತಗಳ ಅಧಿನಿಯಮದ 138ನೇ ಪ್ರಕರಣ ಅನ್ವಯಿಸುತ್ತದೆ. ಬ್ಯಾಂಕಿನ ಚೀಟಿ ಜೂನ್ 2ರಂದು ನಿಮ್ಮ ಕೈಸೇರಿತೆನ್ನೋಣ. ಅಲ್ಲಿಂದ 30 ದಿನಗಳೊಳಗೆ, ಎಂದರೆ ಜುಲೈ 2ರೊಳಗೆ, ಹಣ ಕೊಡಬೇಕೆಂದು ಲಿಖಿತ ನೋಟೀಸು ಕಳುಹಿಸಬೇಕು. ಜುಲೈ 6ರಂದು ನೋಟೀಸು ಆತನಿಗೆ ತಲುಪಿದರೆ ಹಣ ಕೊಡಲು 15 ದಿನ, ಎಂದರೆ 21ರವರೆಗೆ ಅವಕಾಶ. ಆಗಲೂ ಕೊಡದಿದ್ದರೆ ಅನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ದಾಖಲಿಸಬೇಕು. ರಿಜಿಸ್ಟರ್ಡ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿರುವುದರಿಂದ ನೋಟೀಸನ್ನು ಅದರಲ್ಲೇ ಕಳುಹಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿರಿ. ದೂರು ಕೊಡಲು ಗಿರಾಕಿಯ ಊರಿಗೆ ಅಲೆಯಬೇಕಾಗಿಲ್ಲ. 2015ರ ತಿದ್ದುಪಡಿಯಂತೆ, ಖಾತೆಯ ಮೂಲಕ ಹಾಕಿದ ಚೆಕ್ಕಿಗೆ ನಿಮ್ಮ ಖಾತೆ ಇರುವ ಬ್ಯಾಂಕು ಶಾಖೆಯ ವ್ಯಾಪ್ತಿಯ ನ್ಯಾಯಾಲಯವೇ ಸಾಕು.

ಕೊನೆಯದಾಗಿ, ಹೆಚ್ಚು ಹಣ ಕಳುಹಿಸುವವರ ಬಗ್ಗೆ ಜಾಗರೂಕರಾಗಿರಿ. 8,000 ರೂಪಾಯಿಯ ಮಾಲಿಗೆ 18,000ದ ಚೆಕ್ಕು ಬರುತ್ತದೆ. ಗುಮಾಸ್ತ ತಪ್ಪಿ ಬರೆದ, ಉಳಿದ 10,000ವನ್ನು ಈಗಲೇ ಫೋನಿನಲ್ಲಿ ಹಿಂತಿರುಗಿಸಿ ಎಂಬ ಮಾತು ಹಿಂದೆಯೇ ಬರುತ್ತದೆ. ಚೆಕ್ಕು ಸಂಜೆಗೆ ಮರಳುತ್ತದೆ, ನೀವು ಕಳುಹಿಸಿದ ಹಣ ಮರಳುವುದಿಲ್ಲ. ಇಂಥ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಹಿಂದಕ್ಕೆ ಕಳುಹಿಸಿ ಸರಿಯಾದ ಮೊತ್ತದ್ದನ್ನು ಕೇಳಿರಿ. ಹಣ ಜಮಾ ಆಯಿತೆಂಬ ಸಂದೇಶ ಬಂದರೆ ಅದನ್ನು ನಂಬದೆ ಪಾಸ್ ಪುಸ್ತಕ ಅಥವಾ ಬ್ಯಾಂಕಿನ ಲೆಕ್ಕವನ್ನೇ ನೋಡಬೇಕು. ಯು.ಪಿ.ಐ.ಯಲ್ಲಿ ಹಣ ಪಡೆಯಲು ಗುಪ್ತ ಸಂಖ್ಯೆ ಒತ್ತಬೇಕಾಗಿಲ್ಲ, ಒತ್ತಿರೆಂದು ಹೇಳಿದವನು ಹಣ ಕೊಡಲು ಬಂದವನಲ್ಲ. ಮೋಸವಾಗಿದ್ದರೆ ಅದೇ ಗಂಟೆಯಲ್ಲಿ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಿರಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಆಗ ಸಾಧ್ಯತೆ ಹೆಚ್ಚು.